ಎಷ್ಟು ಜನ ಇದ್ದೀರಿ? ಫ್ರೀಮಾಂಟ್‌ನಲ್ಲಿ ಮನೆ ಬಾಡಿಗೆಗೆ ಕೊಟ್ಟ ನನ್ನ ಅನುಭವ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ತಂದೆಗೆ ಮೂರು ಬಾಡಿಗೆ ಮನೆಗಳಿದ್ದವು. ಯಾರಾದರೂ ಗೇಟಿನ ಹತ್ತಿರ ನಿಂತು "ಮನೆ ಖಾಲಿ ಇದೆಯಾ?" ಎಂದರೆ ಅಣ್ಣ (ತಂದೆಯನ್ನು ನಾವು ಹಾಗೇ ಕರೆಯುತ್ತಿದ್ದೆವು) ಎರಡು ಪ್ರಶ್ನೆ ಕೇಳುತ್ತಿದ್ದರು. ಒಂದು, "ಎಷ್ಟು ಜನ ಇದ್ದೀರಿ?" ಇನ್ನೊಂದು, ದನಿ ತುಸು ತಗ್ಗಿಸಿ, "ತಾವು ಯಾವ ಪೈಕಿ?" ಮೊದಲನೆಯದಕ್ಕೆ ಕಾರಣವಿತ್ತು. ನೀರು ದಿನ ಬಿಟ್ಟು ದಿನ ಬರುತ್ತಿತ್ತು, ನಾಲ್ಕು ಸಂಸಾರಕ್ಕೆ ಸಂಪು ಒಂದೇ. ಎರಡನೆಯದಕ್ಕೆ ಏನು ಕಾರಣ ಎಂದು ನಾವ್ಯಾರೂ ಕೇಳಲಿಲ್ಲ.

ನಾನೂ ನಮ್ಮವರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಹಳೆಯ ಡುಪ್ಲೆಕ್ಸ್ ಕೊಂಡೆವು. ಇಲ್ಲಿ ಡುಪ್ಲೆಕ್ಸ್ ಎಂದರೆ ಒಂದೇ ಸೂರಿನಡಿ ಎರಡು ಬೇರೆ ಬೇರೆ ಮನೆ. ಕೆಳಗೆ ನಾವು, ಮೇಲೆ ಎರಡು ಬೆಡ್‌ರೂಮಿನ ಬಾಡಿಗೆ ಮನೆ. 2021ರ ವಸಂತದಲ್ಲಿ ಮೇಲಿನ ಮನೆ ಖಾಲಿಯಾದಾಗ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಹಾಕಿದೆ: "2 ಬೆಡ್‌ರೂಮ್ ಮನೆ ಬಾಡಿಗೆಗೆ ಇದೆ. ಸಣ್ಣ ಕುಟುಂಬ, ಸಸ್ಯಾಹಾರಿಗಳು, ಕನ್ನಡದವರಾದರೆ ಒಳ್ಳೆಯದು." ಹತ್ತು ನಿಮಿಷವೂ ಆಗಿರಲಿಲ್ಲ, ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅವಳು ಮನೆ ಮಾರಾಟದ ಏಜೆಂಟ್. "ಅಕ್ಕಾ, ಮೊದಲು ಆ ಮೆಸೇಜ್ ಡಿಲೀಟ್ ಮಾಡಿ. ಮಾತು ಆಮೇಲೆ" ಎಂದಳು.

ಅಣ್ಣನ ಎರಡನೆಯ ಪ್ರಶ್ನೆಯನ್ನೇ ನಾನು ಸಮುದ್ರ ದಾಟಿಸಿ ತಂದಿದ್ದೆ. ಕೇಳಿದವಳಿಗೇ ಅದು ಗೊತ್ತಾಗಿರಲಿಲ್ಲ.

ಅಮೆರಿಕದ ಫೇರ್ ಹೌಸಿಂಗ್ ಕಾಯ್ದೆ ಬಂದದ್ದು 1968ರ ಏಪ್ರಿಲ್ 11ಕ್ಕೆ, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಒಂದೇ ವಾರಕ್ಕೆ. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ಕೊಡುವುದು, ಬಿಡುವುದು ತಪ್ಪು ಎಂದಿತು. 1974ರಲ್ಲಿ ಗಂಡು ಹೆಣ್ಣೆಂಬ ಭೇದವೂ ಅದಕ್ಕೆ ಸೇರಿತು. 1988ರ ತಿದ್ದುಪಡಿಯಲ್ಲಿ ಅಂಗವಿಕಲತೆ ಬಂತು, ಜೊತೆಗೆ "ಕುಟುಂಬದ ಸ್ಥಿತಿ" ಎಂಬುದೂ ಬಂತು. ಅಂದರೆ 18 ವರ್ಷದೊಳಗಿನ ಮಕ್ಕಳಿರುವವರು, ಬಸುರಿಯರು, ಮಗುವನ್ನು ದತ್ತು ತೆಗೆದುಕೊಳ್ಳುತ್ತಿರುವವರು. ನನ್ನಂಥ ಸಣ್ಣ ಮಾಲೀಕರು ಎಡವುವುದು ಹೆಚ್ಚಾಗಿ ಇಲ್ಲಿಯೇ. "ಸಣ್ಣ ಕುಟುಂಬ" ಎಂದರೆ ಮಕ್ಕಳು ಬೇಡ ಎಂದು ಓದಿಕೊಳ್ಳಬಹುದು. "ಕನ್ನಡದವರು" ಎಂದರೆ ಮೂಲ ಯಾವುದು ಎಂದು ಕೇಳಿದಂತೆಯೇ. ಊಟದ ಮಾತನ್ನು ಕಾನೂನು ಹೆಸರಿಸುವುದಿಲ್ಲ ನಿಜ. ಆದರೆ ನಮ್ಮವರ ಬಾಯಲ್ಲಿ "ಸಸ್ಯಾಹಾರಿ" ಎಂಬ ಪದ ಧರ್ಮವನ್ನೂ ಜಾತಿಯನ್ನೂ ಸೋಸುವ ಜರಡಿ ಎಂಬುದು ನಮಗೇ ಗೊತ್ತಿರುವಾಗ, ಊಟದ ಮಾತಷ್ಟೇ ಎಂದು ಹೇಳುವುದು ಆತ್ಮವಂಚನೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಜಾತಿಯ ಹೆಸರೆತ್ತಿಯೇ ಒಂದು ಮಸೂದೆ ಪಾಸು ಮಾಡಿತು. ಗವರ್ನರ್ ನ್ಯೂಸಮ್ ಸಹಿ ಹಾಕಲಿಲ್ಲ. ಈಗಿರುವ ಕಾನೂನುಗಳೇ ಜಾತಿಭೇದವನ್ನು ನಿಷೇಧಿಸುತ್ತವೆ ಎಂಬುದು ಅವರು ಕೊಟ್ಟ ಕಾರಣ.

"ನಾನು ಅದೇ ಕಟ್ಟಡದಲ್ಲಿ ಇದ್ದೀನಲ್ಲ, ನನಗೂ ಅನ್ವಯಿಸುತ್ತಾ?" ಎಂದು ಆ ಏಜೆಂಟ್ ಹುಡುಗಿಯನ್ನು ಕೇಳಿದೆ. ಈ ಪ್ರಶ್ನೆ ಬಹಳ ಜನಕ್ಕಿದೆ. ಮಾಲೀಕರು ತಾವೇ ವಾಸವಿರುವ, ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ಕೇಂದ್ರದ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಜಾಹೀರಾತಿಗಿಲ್ಲ. ನಾನು ಹಾಕಿದ ಎರಡು ಸಾಲಿಗೆ ಯಾವ ರಕ್ಷಣೆಯೂ ಇರಲಿಲ್ಲ. ಜನಾಂಗದ ಭೇದಕ್ಕಂತೂ 1866ರ ಹಕ್ಕುಗಳ ಕಾಯ್ದೆ ಇದೆ, ಅದರಲ್ಲಿ ವಿನಾಯಿತಿ ಎಂಬುದೇ ಇಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಬಿಗಿ. ಮಾಲೀಕರು ತಮ್ಮ ಒಂಟಿ ಮನೆಯೊಳಗೇ ಒಂದು ಕೋಣೆಯನ್ನು ಒಬ್ಬರಿಗೆ ಕೊಟ್ಟರೆ ಮಾತ್ರ ಇಲ್ಲಿ ಸಡಿಲಿಕೆ. ಡುಪ್ಲೆಕ್ಸಿಗೆ ಇಲ್ಲ.

ಹಾಗಾದರೆ ಅಣ್ಣನ ಮೊದಲ ಪ್ರಶ್ನೆ? ಅದನ್ನು ಕೇಳಬಹುದು. ಮನೆಗೆ ಇಷ್ಟೇ ಜನ ಎಂಬ ಮಿತಿ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ, ಮಿತಿ ನ್ಯಾಯವಾಗಿರಬೇಕು ಅಷ್ಟೆ. ನ್ಯಾಯವಾದ ಮಿತಿ ಎಂದರೆ ಎಷ್ಟು ಎನ್ನುವಲ್ಲಿ ನಾನು ನಿಜವಾಗಿ ತಪ್ಪು ಮಾಡಿದೆ.

ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಒಬ್ಬರನ್ನು ಕೇಳಿದ್ದೆ. "ಬೆಡ್‌ರೂಮಿಗೆ ಇಬ್ಬರು, ಒಟ್ಟು ನಾಲ್ಕು ಅಂತ ಬರೆದು ನಿಶ್ಚಿಂತೆಯಿಂದ ಇರಿ" ಎಂದರು. ಹಾಗೇ ಬರೆದೆ. ಆ ವಾರ ಫೋನ್ ಮಾಡಿದವರೊಬ್ಬರು ತಾವು ಐದು ಜನ ಎಂದಾಗ, "ನಾಲ್ಕೇ ಜನ ಸರ್, ರೂಲ್ಸು" ಎಂದು ಫೋನ್ ಇಟ್ಟೆ. ಮೂರು ದಿನದ ಮೇಲೆ ಇನ್ನೊಂದು ಸಂಸಾರ ಮನೆ ನೋಡಲು ಬಂತು. ಅಫ್ಘಾನಿಸ್ತಾನದ ಕಡೆಯವರು, ಗಂಡ ಹೆಂಡತಿ, ಮೂವರು ಮಕ್ಕಳು. ಫ್ರೀಮಾಂಟ್‌ನಲ್ಲಿ ಅವರ ಸಮುದಾಯ ದೊಡ್ಡದು. ಆಕೆ ಎರಡೂ ಕೋಣೆ ನೋಡಿ, ದೊಡ್ಡ ಕೋಣೆಯ ನಡುವೆ ನಿಂತು ಕೇಳಿದರು: "ಈ ನಾಲ್ಕು ಎನ್ನುವ ಲೆಕ್ಕ ಎಲ್ಲಿಂದ ಬಂತು?" ನನ್ನ ಹತ್ತಿರ ಉತ್ತರವಿರಲಿಲ್ಲ. ಸಂಜೆಯೊಳಗೆ ತಿಳಿಸುತ್ತೇನೆ ಎಂದು ಕಳಿಸಿಕೊಟ್ಟೆ.

ಅವತ್ತು ಮಧ್ಯಾಹ್ನ ಕೂತು ಓದಿದೆ. ಬೆಡ್‌ರೂಮಿಗೆ ಇಬ್ಬರು ಎಂಬ ಮಾತಿನ ಮೂಲ ಒಂದು ಮೆಮೊ. 1991ರ ಮಾರ್ಚ್ 20ರಂದು ಅದನ್ನು ಬರೆದವರು ಕೇಂದ್ರದ ವಸತಿ ಇಲಾಖೆಯ ಮುಖ್ಯ ಕಾನೂನು ಅಧಿಕಾರಿ ಫ್ರಾಂಕ್ ಕೀಟಿಂಗ್, ಮುಂದೆ ಒಕ್ಲಹೋಮದ ಗವರ್ನರ್ ಆದವರು. 1998ರ ಡಿಸೆಂಬರ್‌ನಲ್ಲಿ ಇಲಾಖೆ ಅದನ್ನೇ ತನ್ನ ನೀತಿಯೆಂದು ಪ್ರಕಟಿಸಿತು. ಬೆಡ್‌ರೂಮಿಗೆ ಇಬ್ಬರು ಎನ್ನುವುದು ಸಾಮಾನ್ಯವಾಗಿ ನ್ಯಾಯವಾದ ಮಿತಿ ಎಂದು ಅದರಲ್ಲಿದೆ. ಜನ ಅಷ್ಟನ್ನೇ ಓದಿ ಮಡಚಿಡುತ್ತಾರೆ. ಆದರೆ ಮೆಮೊದ ತೂಕ ಇರುವುದು ಮುಂದಿನ ಭಾಗದಲ್ಲಿ. ಕೋಣೆ ಎಷ್ಟು ದೊಡ್ಡದು, ಮಕ್ಕಳ ವಯಸ್ಸೆಷ್ಟು, ಮನೆಯ ಒಳವಿನ್ಯಾಸ ಹೇಗಿದೆ, ಕೊಳಚೆ ನೀರಿನ ವ್ಯವಸ್ಥೆ ತಡೆಯುತ್ತದೆಯೇ, ಸ್ಥಳೀಯ ಕಾನೂನು ಏನನ್ನುತ್ತದೆ, ಇವೆಲ್ಲ ನೋಡಬೇಕು ಎನ್ನುತ್ತದೆ. ಅದು ಕೊಡುವ ಉದಾಹರಣೆಯೂ ಎರಡು ಬೆಡ್‌ರೂಮ್, ಐದು ಜನರದ್ದೇ! ಕೋಣೆಗಳು ದೊಡ್ಡವಾಗಿದ್ದು ಹಾಲ್ ವಿಶಾಲವಾಗಿದ್ದರೆ ಐವರ ಕುಟುಂಬವನ್ನು ವಾಪಸು ಕಳಿಸಿದ್ದು ತಪ್ಪಾಗಬಹುದು. ಇಕ್ಕಟ್ಟಾದ ಮೊಬೈಲ್ ಹೋಮ್ (ಗಾಡಿಯಂತೆ ಸಾಗಿಸಬಹುದಾದ ಮನೆ) ಆದರೆ ಆಗದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ "ಎರಡು ಪ್ಲಸ್ ಒಂದು" ಎಂಬ ಲೆಕ್ಕ ರೂಢಿಯಲ್ಲಿದೆ. ಬೆಡ್‌ರೂಮಿಗೆ ಇಬ್ಬರು, ಮೇಲೆ ಇಡೀ ಮನೆಗೆ ಇನ್ನೊಬ್ಬರು. ಅದು ಶಾಸನವಲ್ಲ, ದೂರು ಬಂದಾಗ ನೋಡುವ ಅಳತೆಗೋಲು.

ಟೇಪು ತೆಗೆದುಕೊಂಡು ಮೇಲೆ ಹೋದೆ. ನಮ್ಮವರು ಒಂದು ತುದಿ ಹಿಡಿದರು. ದೊಡ್ಡ ಕೋಣೆ 12 ಅಡಿಗೆ 13, ಅಂದರೆ 156 ಚದರ ಅಡಿ. ಸಣ್ಣದು 9ಕ್ಕೆ ಹತ್ತೂವರೆ, 94 ಚಿಲ್ಲರೆ. ಈ ರಾಜ್ಯದ ವಸತಿ ನಿಯಮದ ಪ್ರಕಾರ ಮಲಗುವ ಕೋಣೆಗೆ ಕನಿಷ್ಠ 70 ಚದರ ಅಡಿ ಬೇಕು. ಇಬ್ಬರಿಗಿಂತ ಹೆಚ್ಚು ಮಲಗುವುದಾದರೆ ಹೆಚ್ಚಿನ ಒಬ್ಬೊಬ್ಬರಿಗೂ 50 ಸೇರಿಸಬೇಕು. ಮೂವರಿಗೆ 120 ಸಾಕು, ನಮ್ಮ ದೊಡ್ಡ ಕೋಣೆ 156 ಇದೆ. ಅಲ್ಲಿ ಮೂವರು, ಸಣ್ಣದರಲ್ಲಿ ಇಬ್ಬರು. ಹಾಲನ್ನು ಲೆಕ್ಕಕ್ಕೆ ಹಿಡಿಯದೆಯೇ ಐದಾಯಿತು.

ಅಳೆಯುತ್ತಿದ್ದಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಸಣ್ಣ ಕೋಣೆಯ ಕಿಟಕಿ ಜಗ್ಗಿದರೂ ಜಾರಲಿಲ್ಲ. ಹಳೆಯ ಪೇಂಟ್ ಪದರ ಪದರವಾಗಿ ಒಣಗಿ ಚೌಕಟ್ಟಿಗೆ ಅಂಟಿಕೊಂಡಿತ್ತು. ಬೆಂಕಿ ಬಿದ್ದರೆ ಆ ಕೋಣೆಯಲ್ಲಿ ಮಲಗಿದವರು ಹೊರಬೀಳಬೇಕಾದ ದಾರಿ ಅದು. ಈಗ ಹೊಸದಾಗಿ ಕಟ್ಟುವ ಮನೆಗಳಲ್ಲಿ ಇಂಥ ಕಿಟಕಿ ತೆರೆದಾಗ 5.7 ಚದರ ಅಡಿ ಬಾಯಿ ಬಿಡಬೇಕು, ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಎಷ್ಟು ಜನ ಎಂದು ವಾದಿಸುತ್ತಿದ್ದ ನಾನು ಇದ್ದವರು ಬದುಕುಳಿಯುವ ದಾರಿಯನ್ನೇ ನೋಡಿರಲಿಲ್ಲ. ಮರುದಿನವೇ ಬಡಗಿಯನ್ನು ಕರೆಸಿ ಅದನ್ನು ಬಿಡಿಸಿದೆ, ಎರಡೂ ಕೋಣೆಗೆ ಹೊಸ ಹೊಗೆ ಅಲಾರಂ ಹಾಕಿಸಿದೆ.

ಮಿತಿಯನ್ನು ಐದು ಮಾಡಿದೆ. ಆದರೆ ಮನೆ ನೋಡಿ ಹೋದವರಿಗೆ ಮೊದಲು ಫೋನ್ ಮಾಡಲಿಲ್ಲ. ಮೂರು ದಿನದ ಹಿಂದೆ "ರೂಲ್ಸು" ಎಂದು ಯಾರಿಗೆ ಹೇಳಿದ್ದೆನೋ ಅವರಿಗೆ ಮಾಡಿದೆ. ನಿಯಮ ಎಲ್ಲರಿಗೂ ಬದಲಾಗಬೇಕು, ಎದುರಿಗೆ ನಿಂತು ಕೇಳಿದವರಿಗಷ್ಟೇ ಅಲ್ಲ. ಅವರು ಆಗಲೇ ಹೇವರ್ಡ್ ಎಂಬ ಬೇರೆ ಊರಿನಲ್ಲಿ ಮನೆ ಹಿಡಿದು ಅಡ್ವಾನ್ಸ್ ಕೊಟ್ಟಾಗಿತ್ತು. "ತಿಳಿಸಿದ್ದಕ್ಕೆ ಥ್ಯಾಂಕ್ಸ್" ಎಂದರು. ಅವರ ಮಕ್ಕಳ ಸ್ಕೂಲು ನಮ್ಮ ಬೀದಿಯ ಕೊನೆಯಲ್ಲೇ ಇತ್ತೆಂದು ಆಗ ತಿಳಿಯಿತು. ಅದು ನನ್ನ ಮನಸ್ಸಿನಲ್ಲಿ ಇನ್ನೂ ಇದೆ.

ಆಮೇಲೆ ಆ ಅಫ್ಘನ್ ಕುಟುಂಬಕ್ಕೆ ಫೋನ್ ಮಾಡಿದೆ. ಮಾತಿನ ನಡುವೆ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಆಡಿಬಿಟ್ಟೆ: "ಮೇಲಿನ ಮನೆ, ಹದಿನಾಲ್ಕು ಮೆಟ್ಟಿಲು, ಬಾಲ್ಕನಿ ಬೇರೆ. ಚಿಕ್ಕ ಮಕ್ಕಳಿಗೆ ಕಷ್ಟ ಆಗಬಹುದು." ಇದೂ ಆಡಬಾರದ ಮಾತು. ಮೆಟ್ಟಿಲಿದೆ, ಬಾಲ್ಕನಿ ಇದೆ ಎಂದು ಎಲ್ಲರಿಗೂ ಹೇಳಬಹುದು. ಮಕ್ಕಳಿಗೆ ಆಗುತ್ತದೋ ಇಲ್ಲವೋ ಎಂಬ ತೀರ್ಮಾನ ಹೆತ್ತವರದು. ಹಾಗೆಯೇ ಗಂಡು ಮಗುವಿಗೂ ಹೆಣ್ಣು ಮಗುವಿಗೂ ಬೇರೆ ಕೋಣೆ ಬೇಕು ಎಂದು ಮಾಲೀಕರು ಹೇಳುವಂತಿಲ್ಲ. "ಮಕ್ಕಳು ಎರಡೇ" ಎನ್ನುವಂತಿಲ್ಲ. ಒಟ್ಟು ಜನರನ್ನು ಎಣಿಸಬಹುದು, ಅದರಲ್ಲಿ ಮಕ್ಕಳನ್ನು ಬೇರೆ ಮಾಡಿ ಎಣಿಸಬಾರದು.

ಅಂದಿನಿಂದ ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರು, ಯಾವತ್ತು, ಎಷ್ಟು ಗಂಟೆಗೆ ಕೇಳಿದರು, ನಾನು ಏನು ಹೇಳಿದೆ. ಬಾಡಿಗೆ, ಡಿಪಾಸಿಟ್, ಆದಾಯದ ಲೆಕ್ಕ (ಬಾಡಿಗೆಯ ಎಷ್ಟು ಪಟ್ಟು ಆದಾಯ ಇರಬೇಕು ಎಂಬುದು), ಜನಮಿತಿ, ಇವನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಕೇಳಿದವರಿಗೆಲ್ಲ ಅದನ್ನೇ ಕಳಿಸುತ್ತೇನೆ. ಪೂರ್ತಿ ಅರ್ಜಿ ಯಾರದ್ದು ಮೊದಲು ಬಂತೋ ಅವರದ್ದನ್ನೇ ಮೊದಲು ನೋಡುತ್ತೇನೆ. ಕಡಿಮೆ ಆದಾಯದವರ ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ಕೊಡುವ ಸೆಕ್ಷನ್ 8 ವೋಚರ್ ತಂದವರಿಗೆ "ನಾವು ವೋಚರ್ ತೆಗೆದುಕೊಳ್ಳಲ್ಲ" ಎನ್ನುವುದು 2020ರ ಜನವರಿಯಿಂದ ಇಲ್ಲಿ ತಪ್ಪು. ಆದಾಯದ ಲೆಕ್ಕವನ್ನೂ ಅವರು ಕೈಯಿಂದ ಕೊಡುವ ಪಾಲಿಗೆ ಮಾತ್ರ ಹಾಕಬೇಕು. ಕೇಂದ್ರದ ಇಲಾಖೆಗೆ ದೂರು ಕೊಡಲು ಒಂದು ವರ್ಷ, ಫೆಡರಲ್ ಕೋರ್ಟಿಗೆ ಹೋಗಲು ಎರಡು ವರ್ಷ ಅವಕಾಶವಿದೆ. ನಾನು ಮೂರು ವರ್ಷದ ಬರಹ ಇಟ್ಟುಕೊಂಡಿರುತ್ತೇನೆ. ಬಾಡಿಗೆದಾರರ ವೇಷದಲ್ಲಿ ಫೋನ್ ಮಾಡಿ ಪರೀಕ್ಷಿಸುವ ಸಂಸ್ಥೆಗಳೂ ಇವೆ. ಕೋರ್ಟುಗಳು ಅದನ್ನು ಒಪ್ಪಿವೆ, ಅದು ಸರಿಯೆಂದೇ ನನ್ನ ಅಭಿಪ್ರಾಯ.

ಆ ಅಫ್ಘನ್ ಕುಟುಂಬವೇ ಮೇಲಿನ ಮನೆಗೆ ಬಂತು. ಅವರು ಬಂದು ಎರಡು ವರ್ಷವಾಗಿತ್ತು. ಒಂದು ಸಂಜೆ ಆಕೆ ಕೆಳಗೆ ಬಂದು ಬಾಗಿಲಲ್ಲೇ ನಿಂತರು. ತಾನು ಬಸುರಿ, ಹುಟ್ಟಿದ ಮೇಲೆ ಆರು ಜನರಾಗುತ್ತೇವೆ, ಮನೆ ಬಿಡಬೇಕೇ ಎಂದು ಕೇಳಲು. ಅಗ್ರಿಮೆಂಟಿನ ಪ್ರತಿ ತಂದು ನಾಲ್ಕನೆಯ ಪುಟ ತೋರಿಸಿದೆ. ಬಾಡಿಗೆಗಿರುವಾಗ ಹುಟ್ಟಿದ ಅಥವಾ ದತ್ತು ಬಂದ ಮಗುವಿನಿಂದ ಜನಮಿತಿ ಮೀರಿದಂತಾಗುವುದಿಲ್ಲ ಎಂಬ ಸಾಲನ್ನು ಮೊದಲೇ ಸೇರಿಸಿದ್ದೆ. ಆಕೆ ಅದನ್ನು ಎರಡು ಸಲ ಓದಿದರು. ಆಮೇಲೆ ಇನ್ನೊಂದು ಕೇಳಿದರು: ಬಾಣಂತನಕ್ಕೆ ತನ್ನ ತಾಯಿ ಬರುತ್ತಾರೆ, ಮೂರು ತಿಂಗಳು ಇರಬಹುದೇ? ಅತಿಥಿಗಳು 14 ದಿನಕ್ಕಿಂತ ಹೆಚ್ಚು ಇದ್ದರೆ ನನ್ನ ಒಪ್ಪಿಗೆ ಬೇಕೆಂದು ಅದೇ ಅಗ್ರಿಮೆಂಟಿನಲ್ಲಿತ್ತು. ನನ್ನ ಮೊದಲ ಹೆರಿಗೆಗೆ ನಮ್ಮಮ್ಮ ಬೆಂಗಳೂರಿನಿಂದ ಬಂದು ಐದು ತಿಂಗಳು ಇದ್ದರು. ಒಂದು ಹಾಳೆಯಲ್ಲಿ ತಾರೀಖು ಹಾಕಿ ಒಪ್ಪಿಗೆ ಬರೆದುಕೊಟ್ಟೆ, ನಕಲನ್ನು ನೋಟ್‌ಬುಕ್ಕಿಗೆ ಅಂಟಿಸಿದೆ. ಮುಂದೆ ಯಾರ ಮನೆಗೆ ಯಾರ ತಾಯಿ ಬಂದರೂ ಇಷ್ಟೇ ದಿನ, ಇದೇ ಹಾಳೆ ಎಂದು ಅದರ ಕೆಳಗೆ ಬರೆದಿಟ್ಟಿದ್ದೇನೆ.