18 ಜಿಬಿಯ ಗ್ರಾಫ್ ಹಳೆಯ ಕಾರ್ಡಿಗೆ ಇಳಿದ ಬಗೆ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ಹನ್ನೆರಡು ಕನ್ನಡ ಶಾಲೆಗಳ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರುಗಳಿಗೆ, ಇಂಟರ್ನೆಟ್ ಇಲ್ಲದಾಗಲೂ ಓಡುವ ಗ್ರಾಫ್ ಡೇಟಾಬೇಸ್ (ವಸ್ತುಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಇಡುವ ಮಾಹಿತಿಕೋಶ) ಹಾಕಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾದಿಂದ ಸೋಸಿದ ಸುಮಾರು 9 ಕೋಟಿ ‘ವಸ್ತು, ಸಂಬಂಧ, ವಸ್ತು’ ಎಂಬ ಮೂರು ಭಾಗಗಳ ಹೇಳಿಕೆಗಳು, ಅಂದರೆ ಟ್ರಿಪಲ್‌ಗಳು, ಜೊತೆಗೆ ನಾವೇ ಸೇರಿಸಿದ ತುಳು, ಮಲಯಾಳ ಹೆಸರುಗಳು. ಜೆನಾ ಎಂಬ ತಂತ್ರಾಂಶದ ಡೇಟಾಬೇಸ್ ಟಿಡಿಬಿ2ಕ್ಕೆ ತುಂಬಿಸಿದಾಗ 18 ಜಿಬಿ ಆಯಿತು. ಕೈಯಲ್ಲಿದ್ದವು 16 ಜಿಬಿಯ ಹಳೆಯ ಮೆಮೊರಿ ಕಾರ್ಡುಗಳು. “ದೊಡ್ಡ ಕಾರ್ಡು ತೆಗೆದುಕೊಳ್ಳಿ ಮಾರಾಯರೇ, ಇದೆಲ್ಲ ಆಗುವ ಕೆಲಸವಲ್ಲ” ಎಂದರು ಮಂಗಳೂರಿನ ಗೆಳೆಯರು. ಹನ್ನೆರಡಕ್ಕೆ ಏಳೆಂಟು ಸಾವಿರ ರೂಪಾಯಿ. ಹೋಗುವುದು ನನ್ನ ಕಿಸೆಯಿಂದ.

ಮೊದಲು ಕಾಂಪ್ಯಾಕ್ಟ್ ಮಾಡಿದೆ, ಅಂದರೆ ಖಾಲಿ ಬಿದ್ದ ಜಾಗ ಬಿಟ್ಟು ಡೇಟಾಬೇಸನ್ನು ಹೊಸ ಪ್ರತಿಯಾಗಿ ಬರೆಸಿದೆ. ಹಳೆಯ ಪ್ರತಿ ಅಳಿಯದೆ ಪಕ್ಕದಲ್ಲೇ ಉಳಿದು, ನಡುರಾತ್ರಿ ಲ್ಯಾಪ್‌ಟಾಪಿನ ಡಿಸ್ಕೇ ತುಂಬಿತು. ಆಮೇಲೆ, ಫೈಲುಗಳನ್ನು ಒತ್ತಿ ಓದಲಷ್ಟೇ ಬಿಡುವ ಸ್ಕ್ವಾಶ್‌ಎಫ್‌ಎಸ್. 5 ಜಿಬಿಗೆ ಇಳಿದಾಗ ಗೆದ್ದೆ ಎಂದುಕೊಂಡೆ. ಆದರೆ ಡೇಟಾಬೇಸ್ ತನ್ನ ಫೈಲುಗಳನ್ನು ಬರೆಯಲೆಂದೇ ತೆರೆಯುತ್ತದೆ. ಮೇಲೆ ಬರೆಯಬಲ್ಲ ಪದರವಾದ ಓವರ್‌ಲೇ ಹಾಸಿದರೆ, ಒಂದಕ್ಷರ ಬದಲಾಗದಿದ್ದರೂ ತೆರೆದ ಫೈಲು ಇಡಿಯಾಗಿ ಮೇಲಿನ ಪದರಕ್ಕೆ ನಕಲಾಗುತ್ತದೆ. ಎರಡು ವಾರ ನೀರುಪಾಲು.

ಬರೆಯುವ ಸೌಕರ್ಯವೇ ಬೇಡದವನು ಅದಕ್ಕೆ ಜಾಗ ಏಕೆ ತೆರಬೇಕು? ಎಚ್‌ಡಿಟಿಗೆ, ಅಂದರೆ ಟ್ರಿಪಲ್‌ಗಳನ್ನು ಒತ್ತಿ ಇಡುವ, ಓದಲಷ್ಟೇ ಬರುವ ಫೈಲು ರೂಪಕ್ಕೆ, ಬದಲಾಯಿಸಿದೆ. ವಿಕಿಡೇಟಾದ ಪ್ರತಿ ವಸ್ತುವಿನ ವಿಳಾಸದ ಮೊದಲ 31 ಅಕ್ಷರಗಳು ಒಂದೇ. ಎಚ್‌ಡಿಟಿಯ ನಿಘಂಟು (ಫೈಲಿನೊಳಗಿನ ಪದಪಟ್ಟಿ) ಅಂಥ ಸಮಾನ ಭಾಗವನ್ನು ಮತ್ತೆ ಮತ್ತೆ ಬರೆಯುವುದಿಲ್ಲ. ಪರಿವರ್ತನೆಗೆ ಮಾತ್ರ ಭಾರೀ ರ‍್ಯಾಮ್ ಬೇಕು. ನನ್ನ 8 ಜಿಬಿ ಲ್ಯಾಪ್‌ಟಾಪ್ ಎರಡು ಸಲ ಕೈಕೊಟ್ಟಿತು. ಬಾಡಿಗೆ ಯಂತ್ರಕ್ಕೆ 900 ರೂಪಾಯಿ ಚಿಲ್ಲರೆ ತೆತ್ತೆ, ಅದರಲ್ಲಿ 300 ಮೊದಲ ಯತ್ನದಲ್ಲೇ ವ್ಯರ್ಥ. ಕೊನೆಗೆ ಬಂದದ್ದು ಹುಡುಕಲು ಬೇಕಾದ ಇಂಡೆಕ್ಸ್ ಫೈಲೂ ಸೇರಿ 2 ಜಿಬಿ! ಸೋಸುವಾಗ ಯಾವುದನ್ನು ಬಿಟ್ಟೆ, ಯಾವ ಕ್ರಮದಲ್ಲಿ ಬಿಟ್ಟೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಅದನ್ನು ಒಂದಕ್ಕಿಳಿಸಿ ನೋಡಿದೆ. ಅರವತ್ತೋ ಎಪ್ಪತ್ತೋ ಎಂಬಿ ಉಳಿಯಿತು, ಹುಡುಕಾಟ ಕೆಟ್ಟಿತು. ಕೈಬಿಟ್ಟೆ.

ಪೆರ್ಲದ ಶಾಲೆಯಲ್ಲಿ ಮೊದಲ ದಿನ ಏನೂ ತೆರೆಯಲಿಲ್ಲ. ಕಾರ್ಡಿಗೆ ಫೈಲನ್ನಷ್ಟೇ ಹಾಕಿ, ಇಂಡೆಕ್ಸನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅದಿಲ್ಲದಿದ್ದರೆ ಮೊದಲ ಸಲ ತೆರೆದಾಗ ತಂತ್ರಾಂಶ ಅದನ್ನು ಅಲ್ಲೇ ಕಟ್ಟಲು ಹೊರಡುತ್ತದೆ. ಓದಲಷ್ಟೇ ಬಿಟ್ಟ ಕಾರ್ಡಿನಲ್ಲಿ ಎಲ್ಲಿ ಕಟ್ಟೀತು? ಮರುದಿನ ಎರಡನ್ನೂ ಹಾಕಿದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ‘ಹಲಸು’ ಎಂದು ಬೆರಳಚ್ಚಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ತುಳುವಿನ ‘ಪೆಲಕಾಯಿ’, ಮಲಯಾಳದ ‘ಚಕ್ಕ’ ಎರಡೂ ಪರದೆಯ ಮೇಲಿದ್ದವು.

ತಿದ್ದುಪಡಿ ಮಾಡಲಾಗದು, ಇಡೀ ಫೈಲನ್ನೇ ಹೊಸದಾಗಿ ಕಟ್ಟಬೇಕು. ಬೇಸಿಗೆ ರಜೆಯಲ್ಲಿ ಕಟ್ಟುತ್ತೇನೆ. ಆ 900 ರೂಪಾಯಿಯನ್ನು ಈಗಲೇ ತೆಗೆದಿಟ್ಟಿದ್ದೇನೆ.