ಶಾರ್ಹೊರೊಡ್‌ನ ಗೋರಿಕಲ್ಲುಗಳಿಗೆ ಮನೆತನ ಹುಡುಕಿದ ನನ್ನ ಅನುಭವ

ಗೋರಿಕಲ್ಲಿನ ಮೇಲೆ ಮನೆತನದ ಹೆಸರಿಲ್ಲ. ಮರಣದ ದಾಖಲೆ ಪುಸ್ತಕದಲ್ಲಿ ಗೋರಿ ಎಲ್ಲಿದೆ ಅಂತಿಲ್ಲ. ಎರಡನ್ನೂ ಜೋಡಿಸಿ ‘ಈ ಕಲ್ಲು ಇಂಥ ಮನೆತನದ್ದು’ ಅಂತ ಹೇಳೋದು ಆಗದ ಕೆಲಸ ಅಂತ ಬಹಳ ಜನ ನನಗೆ ಹೇಳಿದ್ದರು. ಅದರಲ್ಲಿ ಇದೇ ಕೆಲಸದಲ್ಲಿ ಪಳಗಿದವರೂ ಇದ್ದರು. ಈಗ ಉಕ್ರೇನಿನ ಶಾರ್ಹೊರೊಡ್‌ನ ಹಳೇ ಯಹೂದಿ ಸ್ಮಶಾನದಲ್ಲಿ ಸುಮಾರು 180 ಕಲ್ಲುಗಳಿಗೆ ನಾನು ಪುರಾವೆ ಸಮೇತ ಮನೆತನ ಹೇಳಬಲ್ಲೆ. ನನಗೆ ತಿಳಿದ ಮಟ್ಟಿಗೆ ಹವ್ಯಾಸಿಗಳಲ್ಲಿ ಇಷ್ಟು ಜೋಡಿಸಿದವರು ಕಡಿಮೆ.

ನಾನು ಉಕ್ರೇನಿನ ವಿನ್ನಿತ್ಸಿಯಾ ನಗರದಲ್ಲಿ ಮೆಡಿಕಲ್ ಓದಿದವನು. ರಷ್ಯನ್ ಅಲ್ಲೇ ಬಂತು. ಹೀಬ್ರೂ ಲಿಪಿಯನ್ನು ಹಟ ಹಿಡಿದು ಕಲಿತೆ. ಊರಲ್ಲಿದ್ದಾಗಲೇ ಶಾಸನದ ಹುಚ್ಚು ಇತ್ತು. ಹಾಗಾಗಿ ಕಲ್ಲು, ಪಾಚಿ, ಸವೆದ ಅಕ್ಷರ ಹೊಸದಲ್ಲ. ಶಾಸನ ಓದುವ ಗೆಳೆಯರಿಗೆ ಪಡಿಯಚ್ಚು ತೆಗೆಯೋದು ಹೇಗೆ ಅಂತ ನಾನು ಹೇಳಿಕೊಡಬೇಕಿಲ್ಲ.

ಶಾರ್ಹೊರೊಡ್ ಬಗ್ಗೆ ಎರಡು ಮಾತು. 16ನೇ ಶತಮಾನದ ಕೊನೆಗೆ ಪೋಲೆಂಡಿನ ಯಾನ್ ಝಾಮೊಯ್ಸ್ಕಿ ಕಟ್ಟಿಸಿದ ಊರು ಇದು. ಕೋಟೆಯಂಥ ದಪ್ಪ ಗೋಡೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) 1589ರದ್ದು. 1672ರಿಂದ 1699ರವರೆಗೆ ತುರ್ಕರ ಆಳ್ವಿಕೆ ಇದ್ದಾಗ ಅದು ಮಸೀದಿಯಾಯಿತು. ಸೋವಿಯತ್ ಕಾಲದಲ್ಲಿ ಕಾರ್ಖಾನೆಯಾಯಿತು. ಯಹೂದಿಗಳ ಭಕ್ತಿಮಾರ್ಗವಾದ ಹಸಿದಿ ಪಂಥ ಶುರುವಾದ ಹೊತ್ತಿನಲ್ಲಿ ಯಾಕೊವ್ ಯೋಸೆಫ್ ಇಲ್ಲಿನ ರಬ್ಬಿ, ಅಂದರೆ ಧರ್ಮಗುರು. ಅವರು ಆ ಪಂಥದ ಸ್ಥಾಪಕ ಬಾಲ್ ಶೆಮ್ ತೋವ್ ಅವರ ಶಿಷ್ಯರಾದರು ಅಂತ ಊರಿನವರೇ ಅವರನ್ನು ಹೊರಗೆ ಹಾಕಿದರು. 1897ರ ಜನಗಣತಿಯಲ್ಲಿ ಯಹೂದಿಗಳು 4 ಸಾವಿರದ ಆಸುಪಾಸು, ಅಂದರೆ ಊರಿನ ಮುಕ್ಕಾಲು ಪಾಲು. ಇಂಥ ಊರಿನ ಗೋರಿಗಳು ಹೆಸರಿಲ್ಲದೆ ನಿಂತಿರೋದು ನನಗೆ ಸಹಿಸೋಕೆ ಆಗಲಿಲ್ಲ.

ಮೊದಲು ಸೋತದ್ದು ಹೇಳುತ್ತೇನೆ. ಕಾಗದ ಒತ್ತಿ ಅಚ್ಚು ತೆಗೆಯೋದು ಅಲ್ಲಿ ನಡೆಯಲಿಲ್ಲ. ಕಲ್ಲು ಸದಾ ತೇವ, ಪಾಚಿ ಮೆತ್ತಿಕೊಂಡಿರುತ್ತದೆ. ಕಾಗದ ಹರಿಯುತ್ತದೆ. ಚಾಕ್‌ಪುಡಿ, ಶೇವಿಂಗ್ ಫೋಮ್ ಹಚ್ಚಿ ಓದುವವರಿದ್ದಾರೆ. ಅದು ಕಲ್ಲಿಗೆ ವಿಷ, ದಯವಿಟ್ಟು ಬೇಡ. ತಂತಿ ಬ್ರಷ್ ಅಂತೂ ಬೇಡವೇ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ನೂರಾರು ಫೋಟೋ ಒಂದೂ ಕೆಲಸಕ್ಕೆ ಬರಲಿಲ್ಲ.

ದುಡ್ಡು ಹೋದದ್ದು ಮಾತ್ರ ದಾಖಲೆಯ ಕಡೆ. ಪತ್ರಾಗಾರದಲ್ಲಿ ಹುಡುಕಿಕೊಡುತ್ತೇನೆ ಅಂತ ಒಬ್ಬರು 200 ಡಾಲರ್ ಮುಂಗಡ ತಗೊಂಡರು. ರಷ್ಯಾ ಸಾಮ್ರಾಜ್ಯದ ಕಾಲದಲ್ಲಿ ಶಾರ್ಹೊರೊಡ್ ಪೊಡೋಲಿಯಾ ಪ್ರಾಂತದ ಮೊಹಿಲಿವ್ ಜಿಲ್ಲೆಗೆ ಸೇರಿತ್ತು. ಅವರು ಕಳಿಸಿದ್ದು ಬೇರೆ ಜಿಲ್ಲೆಯ ಜೆರಾಕ್ಸ್. ದುಡ್ಡು ವಾಪಸ್ ಬರಲಿಲ್ಲ. ಮೇಲಿಂದ, 2003ರಲ್ಲಿ ಕಾಮ್ಯಾನೆತ್ಸ್-ಪೊಡಿಲ್ಸ್ಕಿಯ ಪತ್ರಾಗಾರಕ್ಕೆ ಬೆಂಕಿ ಬಿದ್ದು ಪೊಡೋಲಿಯಾದ ಎಷ್ಟೋ ಕಡತ ಸುಟ್ಟವು, ನೀರಲ್ಲಿ ನೆನೆದವು. ‘ಇನ್ನು ಬಿಡಪ್ಪ’ ಅಂತ ಎಲ್ಲರೂ ಹೇಳಿದ್ದು ಆ ಕಾರಣಕ್ಕೇ. ಆಮೇಲೆ ವಂಶಾವಳಿ ಹುಡುಕುವ ಅಲೆಕ್ಸ್ ಕ್ರಾಕೋವ್ಸ್ಕಿ ಅವರು ಉಕ್ರೇನಿನ ಪತ್ರಾಗಾರಗಳ ವಿರುದ್ಧ ಕೋರ್ಟಿನವರೆಗೂ ಹೋಗಿ, ಯಹೂದಿ ಕಡತಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಪುಕ್ಕಟೆ ಹಾಕತೊಡಗಿದರು. ನನ್ನಂಥವರ ಪಾಲಿಗೆ ಅದು ದೊಡ್ಡ ಉಪಕಾರ.

ಕಲ್ಲಿನ ಕೆಲಸ ಕೈಗೆ ಹತ್ತಿದ್ದು ರಾತ್ರಿ ಹೊತ್ತು. ಹಳೇ ಬೀರುವಿನ ಕನ್ನಡಿ, ಎರಡು ಎಲ್‌ಇಡಿ ಟಾರ್ಚು, ಟ್ರೈಪಾಡ್ ಇಷ್ಟೇ ಸಾಮಾನು. ಎಲ್ಲ ಸೇರಿ ಉಕ್ರೇನಿನ ದುಡ್ಡಲ್ಲಿ 1,500 ಹ್ರಿವ್ನಿಯಾ ದಾಟಿರಲಿಕ್ಕಿಲ್ಲ. ಬೆಳಕು ಕಲ್ಲಿನ ಮೈಗೆ ಹೆಚ್ಚುಕಡಿಮೆ ತಾಗಿಕೊಂಡೇ ಬರಬೇಕು. ಪ್ರತಿ ಕಲ್ಲಿಗೂ ಏಳೆಂಟು ದಿಕ್ಕಿನಿಂದ ಬೆಳಕು ಬಿಟ್ಟು ಫೋಟೋ. ಯಾವ ದಿಕ್ಕು ಮೊದಲು, ಯಾವುದನ್ನು ಬಿಡಬಹುದು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ಕೈಗೆ ಬರೋಕೆ ನನಗೆ ಎರಡು ಚಳಿಗಾಲ ಹಿಡಿಯಿತು.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಹೆಂಗಸಿನ ಗೋರಿ, ಮೇಲೆ ಮೇಣದಬತ್ತಿಯ ಕೆತ್ತನೆ. ತಂದೆಯ ಹೆಸರು ಅರ್ಯೆ. ತೀರಿಕೊಂಡದ್ದು ಯಹೂದಿ ಪಂಚಾಂಗದ ಶ್ವಾತ್ ತಿಂಗಳ 20. ಹೀಬ್ರೂವಿನಲ್ಲಿ ಅಕ್ಷರವೇ ಅಂಕಿ. ವರ್ಷಕ್ಕೆ ನಾಲ್ಕು ಅಕ್ಷರ: ತಾವ್ 400, ರೇಶ್ 200, ನೂನ್ 50. ಕೊನೆಯದು ವಾವ್ ಆದರೆ 6, ಝಾಯಿನ್ ಆದರೆ 7. ಹಗಲಲ್ಲಿ ನೋಡಿದವರೆಲ್ಲ ವಾವ್ ಅಂದರು. ಎಡಗಡೆಯಿಂದ ಬೆಳಕು ಬಿಟ್ಟಾಗ ಅಕ್ಷರದ ತಲೆ ಕಂಬದ ಎರಡೂ ಕಡೆ ಚಾಚಿದ್ದು ಕಂಡಿತು. ಹಾಗಾದರೆ ಝಾಯಿನ್, 657. ಅದು ಸಾವಿರದ ಅಂಕಿ ಬಿಟ್ಟು ಬರೆದ ಯಹೂದಿ ವರ್ಷ. ನಮ್ಮ ಇಸವಿಗೆ ತರಲು ಅದಕ್ಕೆ 1240 ಕೂಡಿಸಿದರೆ 1897. ಯಹೂದಿ ವರ್ಷ ಶುರುವಾಗೋದು ಸೆಪ್ಟೆಂಬರ್ ಹೊತ್ತಿಗೆ, ಹಾಗಾಗಿ ಅದರ ಮೊದಲ ಮೂರು ತಿಂಗಳು ಆಗಿದ್ದರೆ 1239 ಕೂಡಿಸಬೇಕು. ಹೇ ಮತ್ತು ಹೇತ್, ದಾಲೆತ್ ಮತ್ತು ರೇಶ್ ಅಕ್ಷರಗಳೂ ಒಂದರಂತೆ ಒಂದು ಕಂಡು ಹೀಗೇ ಕಾಡುತ್ತವೆ.

ಇನ್ನು ಮರಣ ಪುಸ್ತಕ. ಸರ್ಕಾರಿ ರಬ್ಬಿ ಬರೆಯುತ್ತಿದ್ದ ಈ ಪುಸ್ತಕದಲ್ಲಿ ಒಂದು ಕಡೆ ರಷ್ಯನ್, ಇನ್ನೊಂದು ಕಡೆ ಹೀಬ್ರೂ. ತಾರೀಖೂ ಎರಡು ಲೆಕ್ಕದ್ದು. ಶ್ವಾತ್ 20 ಅಂದರೆ ನಮ್ಮ ಲೆಕ್ಕದಲ್ಲಿ 1897ರ ಜನವರಿ 23. ರಷ್ಯಾದ ಹಳೇ ಪಂಚಾಂಗ ಆಗ 12 ದಿನ ಹಿಂದೆ, ಹಾಗಾಗಿ ಜನವರಿ 11. ಆ ದಿನದ ಸಾಲಿನಲ್ಲಿ ಅದೇ ಹೆಸರಿನ ಹೆಂಗಸು ಇದ್ದಳು, ಮುಂದೆ ಮನೆತನವೂ ಇತ್ತು. ಆದರೆ ತಂದೆ ಅರ್ಯೆ ಅಲ್ಲ, ಲೇಬ್!

ಬಹಳ ಜನ ಕೈಚೆಲ್ಲಿದ್ದು ಈ ಜಾಗದಲ್ಲೇ. ಕಲ್ಲಿನ ಮೇಲೆ ಹೀಬ್ರೂ ಹೆಸರು, ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಯಿಡ್ಡಿಷ್ (ಅಲ್ಲಿನ ಯಹೂದಿಗಳ ಆಡುಮಾತು) ಹೆಸರು. ಅರ್ಯೆಗೆ ಲೇಬ್, ಝ್ವಿಗೆ ಹಿರ್ಶ್, ಡೋವ್‌ಗೆ ಬೇರ್, ಝೆಎವ್‌ಗೆ ವೋಲ್ಫ್. ಈ ಜೋಡಿಗಳದ್ದೇ ಒಂದು ಪಟ್ಟಿ ಮಾಡಿಕೊಂಡೆ. ಯೆಹೂದಾ ಕೂಡ ಎಷ್ಟೋ ಸಲ ಲೇಬ್ ಆಗುತ್ತಾನೆ, ಅದನ್ನು ಮರೆಯಬೇಡಿ. ಸೂರ್ಯ ಮುಳುಗಿದ ಮೇಲೆ ಯಹೂದಿ ಲೆಕ್ಕದಲ್ಲಿ ಮಾರನೇ ದಿನ, ಹಾಗಾಗಿ ಒಂದು ದಿನದ ಹೆಚ್ಚುಕಡಿಮೆಗೂ ಜಾಗ ಬಿಟ್ಟೆ. ಹೆಸರು, ತಂದೆ, ತಾರೀಖು ಮೂರೂ ಕೂಡಿದರೆ ಮಾತ್ರ ಒಪ್ಪಿಕೊಂಡೆ. ಎರಡೇ ಕೂಡಿದ್ದು ಇನ್ನೂ 60ರ ಮೇಲಿದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ತಾರೀಖು ಪೂರ್ತಿ ಸವೆದ ಕಲ್ಲುಗಳನ್ನು ಅಕ್ಕಪಕ್ಕದ ಸಾಲಿನಿಂದ ಹಿಡಿಯುವ ಒಂದು ದಾರಿ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಗಿಡಕ್ಕೆ ನೀರು ಹೊಡೆಯೋ ಬಾಟಲಿಯಿಂದ ಸುಮ್ನೆ ಕಲ್ಲಿಗೆ ನೀರು ಚಿಮುಕಿಸಿ ಕಾದೆ. ಮೈ ಬೇಗ ಒಣಗುತ್ತದೆ, ಕೊರೆದ ಅಕ್ಷರದಲ್ಲಿ ತೇವ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಎರಡು ಮೂರು ನಿಮಿಷದಲ್ಲಿ ಫೋಟೋ ತೆಗೆದರೆ ಚೆನ್ನಾಗಿ ಬರುತ್ತದೆ. ಊರಿಗೆ ಬಂದಾಗ ವೀರಗಲ್ಲಿನ ಮೇಲೂ ಮಾಡಿ ನೋಡಿದೆ, ಬಳಪದಕಲ್ಲಿನಲ್ಲಿ ಅಷ್ಟು ಕೆಲಸ ಮಾಡಲಿಲ್ಲ. ಕೆಲವು ಗೋರಿಗಳಲ್ಲಿ ಪದ್ಯದ ಸಾಲುಗಳ ಮೊದಲಕ್ಷರ ಕೂಡಿಸಿದರೆ ಸತ್ತವರ ಹೆಸರು ಬರುತ್ತದೆ. ಮೇಲಿನ ಸಾಲು ಮುರಿದು ಹೋಗಿದ್ದಾಗ ಅದರಿಂದಲೇ ಹತ್ತಾರು ಹೆಸರು ವಾಪಸ್ ಪಡೆದೆ. ಖುಷಿ ಜಾಸ್ತಿ ಕೊಟ್ಟದ್ದು ಇದೇ.

ನನ್ನನ್ನು ಪೂರ್ತಿ ಸೋಲಿಸಿದ್ದು 1941–42ರ ಚಳಿಗಾಲ. ಆಗ ಊರು ರುಮೇನಿಯಾದ ಕೈಯಲ್ಲಿತ್ತು, ಟ್ರಾನ್ಸ್‌ನಿಸ್ಟ್ರಿಯಾ ಅನ್ನೋ ಭಾಗ. ಬುಕೊವಿನಾ, ಬೆಸರೇಬಿಯಾಗಳಿಂದ ಸಾವಿರಾರು ಯಹೂದಿಗಳನ್ನು ಅಟ್ಟಿಕೊಂಡು ಬಂದು ಈ ಪುಟ್ಟ ಊರಿನ ಘೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ ಕೇರಿಯಲ್ಲಿ, ತುಂಬಿದರು. ಒಂದೊಂದು ಕೋಣೆಯಲ್ಲಿ ಎಷ್ಟೋ ಸಂಸಾರ. ಹೇನಿನಿಂದ ಟೈಫಸ್ ಜ್ವರ ಹಬ್ಬಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೀಗಿದ್ದೂ 1944ರ ಮಾರ್ಚ್‌ನಲ್ಲಿ ಕೆಂಪು ಸೇನೆ ಬಂದಾಗ ಘೆಟ್ಟೋದಲ್ಲಿ ಬಹುಪಾಲು ಜನ ಬದುಕಿದ್ದರು. ಜರ್ಮನರ ಕೈಯಲ್ಲಿದ್ದ ವಿನ್ನಿತ್ಸಿಯಾದಲ್ಲಿ ಹಾಗಾಗಲಿಲ್ಲ, ಅಲ್ಲಿ ಸಾವಿರಾರು ಯಹೂದಿಗಳನ್ನು ಗುಂಡಿಟ್ಟು ಕೊಂದರು. ವೈದ್ಯನಾಗಿ ಆ ಟೈಫಸ್ ಚಳಿಗಾಲದ ಬಗ್ಗೆ ಎಷ್ಟು ಓದಿದರೂ ಎದೆ ಭಾರವಾಗುತ್ತದೆ. ಆಗ ಸತ್ತವರ ಗೋರಿಗೆ ನನ್ನ ಬೆಳಕಾಗಲಿ, ಪಟ್ಟಿಯಾಗಲಿ ಉಪಯೋಗಕ್ಕೆ ಬರಲ್ಲ, ಬಹುಪಾಲು ಜನಕ್ಕೆ ಕಲ್ಲೇ ಇಲ್ಲ. ಅವರ ಹೆಸರು ಬರಬೇಕಾದದ್ದು ಬದುಕುಳಿದವರ ಹೇಳಿಕೆಗಳಿಂದ. ಆ ಕೆಲಸ ಬೇರೆಯವರು ನನಗಿಂತ ಚೆನ್ನಾಗಿ ಮಾಡುತ್ತಿದ್ದಾರೆ.

2022ರ ಯುದ್ಧದ ಮೇಲೆ ಸ್ಮಶಾನಕ್ಕೆ ಹೋಗಿಲ್ಲ. ಸುಮಾರು 800 ಕಲ್ಲುಗಳ ಫೋಟೋ ಕೈಯಲ್ಲಿದೆ, 500ರಷ್ಟು ಓದಿ ಆಗಿದೆ. ಮರ್ಶ್ರುತ್ಕಾ ಬಸ್ಸಿನ ಖರ್ಚು, ಹೋದ ಮುಂಗಡ, ಹಾರ್ಡ್‌ಡಿಸ್ಕ್ ಎಲ್ಲ ಸೇರಿ ನಮ್ಮ ದುಡ್ಡಲ್ಲಿ ಒಂದು ಲಕ್ಷದ ಹತ್ತಿರ ಹೋಗಿರಬಹುದು. ಕೆಲಸಕ್ಕೆ ಹೋಲಿಸಿದರೆ ಅದು ಕಡಿಮೆಯೇ. ಈಗ ಅದೇ ಹೆಸರಿನ ಪಟ್ಟಿ ಇಟ್ಟುಕೊಂಡು ಪಕ್ಕದ ಮುರಾಫಾ ಹಳ್ಳಿಯ ಫೋಟೋಗಳಿಗೆ ಕೈ ಹಾಕಿದ್ದೇನೆ. ಶಾರ್ಹೊರೊಡ್‌ನ ಎರಡು ಮನೆತನಗಳ ಬೀಗರು ಅಲ್ಲಿ ಆಗಲೇ ಸಿಕ್ಕಿದ್ದಾರೆ.