ಕಣ್ಣು ಬಾತರೆ ಮೊದಲು ವಯಸ್ಸು ನೋಡಿ

ಕೂಸಿನ ಕಣ್ಣು ಬಾತರೆ ನಮ್ಮ ಬಾಗಲಕೋಟೆ ಕಡೆ ಮೊದಲು ಬರುವ ಮಾತು ‘ನೆದರಾಗೇತಿ’. ಉಪ್ಪು-ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾರೆ. ಇಳಿಸಲಿ, ಬೇಡವೆನ್ನುವುದಿಲ್ಲ. ಆದರೆ ಅದರಲ್ಲೇ ಎರಡು ದಿನ ಕಳೆಯಬಾರದು. ಎಷ್ಟು ಬೇಗ ಓಡಬೇಕು ಎಂಬುದನ್ನು ವಯಸ್ಸೂ ಹೇಳುತ್ತದೆ.

ಹುಟ್ಟಿ 28 ದಿನದೊಳಗಿನ ಕೂಸಿನ ಕಣ್ಣಲ್ಲಿ ಕೀವು ಕಂಡರೆ ಅಂದೇ ಆಸ್ಪತ್ರೆ. ಹೆರಿಗೆಯಲ್ಲಿ ತಾಯಿಯಿಂದ ತಗುಲುವ ಕೆಲವು ಸೋಂಕು ಕೆಲವೇ ದಿನಗಳಲ್ಲಿ ಕಣ್ಣಿನ ಕರಿಗುಡ್ಡೆಯನ್ನು ತೂತು ಮಾಡಬಲ್ಲವು. ಎದೆಹಾಲು, ಹರಳೆಣ್ಣೆ, ಕಾಡಿಗೆ ಯಾವುದನ್ನೂ ಹಾಕಬೇಡಿ.

ಕೆಲವು ತಿಂಗಳ ಕೂಸಿನ ಕಣ್ಣಲ್ಲಿ ಸದಾ ನೀರು, ಪಿಸುರು ಇದ್ದು ಬಿಳಿಭಾಗ ಕೆಂಪಾಗಿಲ್ಲವೇ? ಕಣ್ಣೀರಿನ ನಾಳ ಮುಚ್ಚಿರಬಹುದು. ಹೆಚ್ಚಿನವರಲ್ಲಿ ವರ್ಷ ತುಂಬುವುದರೊಳಗೆ ತಾನೇ ತೆರೆಯುತ್ತದೆ. ನಾಳದ ಮೇಲೆ ನೀವುವ ಕ್ರಮವನ್ನು ವೈದ್ಯರಿಂದಲೇ ಕಲಿಯಿರಿ. ಮೂಗಿನ ಪಕ್ಕ ಕೆಂಪಗೆ ಬಾತರೆ ನೀವುವುದನ್ನು ನಿಲ್ಲಿಸಿ, ತಡಮಾಡದೆ ತೋರಿಸಿ.

ಐದು ವರ್ಷದೊಳಗಿನ ಮಕ್ಕಳಲ್ಲಿ ಸೊಳ್ಳೆ ಕಡಿತ, ಪರಚಿದ ಗಾಯದಿಂದ ರೆಪ್ಪೆಯ ಚರ್ಮಕ್ಕಷ್ಟೇ ಸೋಂಕಾಗುವುದು ಹೆಚ್ಚು. ನೆಗಡಿಯ ಬೆನ್ನಿಗೆ ಬಂದರೆ ಎಚ್ಚರ: ಮೂಗಿನ ಪಕ್ಕದ ಸೈನಸ್ ಎಂಬ ಗಾಳಿಗೂಡಿಗೂ ಕಣ್ಣಿನ ಗೂಡಿಗೂ ನಡುವಿನ ಎಲುಬು ಕಾಗದದಷ್ಟು ತೆಳು, ಸೋಂಕು ದಾಟಿಬಿಡಬಹುದು. ರೆಪ್ಪೆಯನ್ನು ಮೆಲ್ಲಗೆ ಎತ್ತಿ, ನಿಮ್ಮ ಬೆರಳನ್ನು ಕಣ್ಣೆದುರು ನಾಲ್ಕೂ ದಿಕ್ಕಿಗೆ ಆಡಿಸಿ, ಮಗು ಅದನ್ನೇ ನೋಡಲಿ. ಕಣ್ಣುಗುಡ್ಡೆ ಹೊರಳದಿದ್ದರೆ, ಹೊರಳಿಸಿದರೆ ನೋವಾದರೆ, ಮುಂದಕ್ಕೆ ಉಬ್ಬಿದ್ದರೆ, ಒಂದು ಎರಡಾಗಿ ಕಂಡರೆ, ಸೋಂಕು ಗೂಡಿನೊಳಗೆ ಇಳಿದಿರಬಹುದು. ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್, ನರದ ಮೂಲಕ ಔಷಧಿ ಬೇಕಾಗುತ್ತದೆ. ಇಂಥ ಸೋಂಕಿಗೆ ಕಾರಣವಾಗುತ್ತಿದ್ದ ಹಿಬ್ ಎಂಬ ಬ್ಯಾಕ್ಟೀರಿಯಾವನ್ನು 6, 10, 14ನೇ ವಾರದ ಪೆಂಟಾವಲೆಂಟ್ ಲಸಿಕೆ ತಡೆಯುತ್ತದೆ. ತಾಯಿ ಕಾರ್ಡು ತೆಗೆದು ನೋಡಿ.

ಗೂಡಿನೊಳಗೆ ಇಳಿದ ಸೋಂಕು ಚಿಕ್ಕ ಮಕ್ಕಳದ್ದಾದರೆ ಸಾಮಾನ್ಯವಾಗಿ ಒಂದೇ ಬಗೆಯ ಬ್ಯಾಕ್ಟೀರಿಯಾ ಇರುವುದರಿಂದ ಬಹಳಷ್ಟು ಸಲ ಔಷಧಿಯಲ್ಲೇ ಇಳಿಯುತ್ತದೆ. ಹದಿನೈದು ದಾಟಿದವರಲ್ಲಿ ಹಲವು ಬಗೆ ಬೆರೆತಿರುತ್ತವೆ, ಗಾಳಿ ಬೇಡದವೂ ಸೇರಿ. ಅವರಿಗೆ ಕೀವು ತೆಗೆಯುವ ಶಸ್ತ್ರಚಿಕಿತ್ಸೆ ಹೆಚ್ಚಾಗಿ ಬೇಕಾಗುತ್ತದೆ. ಹುಳುಕು ಹಲ್ಲಿನ ಬೇರಿನಿಂದಲೂ ಬಂದಿರಬಹುದು, ಬಾಯಿಯನ್ನೂ ತೋರಿಸಿ.

ವಯಸ್ಸಾದವರ ವಿಷಯದಲ್ಲಿ ನನಗೆ ಹೆಚ್ಚು ಆತಂಕ. ಜೋರು ಸೋಂಕಿದ್ದರೂ ಜ್ವರ ಕಾಣದಿರಬಹುದು. ‘ಏನೂ ಆಗಿಲ್ಲ ಬಿಡ್ರಿ’ ಎಂದು ಹೊಲಕ್ಕೆ ಹೊರಡುತ್ತಾರೆ. ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಅದು ಶಿಲೀಂಧ್ರವಿರಬಹುದು, ಬ್ಯಾಕ್ಟೀರಿಯಾದ ಔಷಧಿ ಅದಕ್ಕೆ ನಾಟುವುದಿಲ್ಲ.

ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಕೆಂಪಿನ ಅಂಚಿಗೆ, ಕಣ್ಣಿನಿಂದ ದೂರದ ಚರ್ಮದ ಮೇಲೆ, ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದಿಡಿ. ಕೆಂಪು ಗೆರೆ ದಾಟಿದರೆ, ಇಲ್ಲವೇ 24 ಗಂಟೆಯಲ್ಲಿ ಇಳಿಮುಖ ಕಾಣದಿದ್ದರೆ, ಮಾತ್ರೆ ಮುಗಿಯುವವರೆಗೆ ಕಾಯದೆ ಮತ್ತೆ ಹೋಗಿ.